ಪಿಎಸ್4ಗೆ ಲ್ಯಾಪ್‌ಟಾಪ್ ಕಾಣುತ್ತಲೇ ಇಲ್ಲ, ಯಾರಾದರೂ ಹೇಳಿ

ಹಾಸನದ_ಹುಡುಗ:
ಪಿಎಸ್4 ಸ್ಲಿಮ್ (ಪ್ಲೇಸ್ಟೇಷನ್ 4 ಗೇಮ್ ಡಬ್ಬ) ಇದೆ. ವಿಂಡೋಸ್ 10 ಲ್ಯಾಪ್‌ಟಾಪ್‌ನಲ್ಲಿ ಯೂನಿವರ್ಸಲ್ ಮೀಡಿಯಾ ಸರ್ವರ್ (ಲ್ಯಾಪ್‌ಟಾಪ್‌ನ ಸಿನಿಮಾವನ್ನು ವೈಫೈ ಮೂಲಕ ಬೇರೆ ಕಡೆಗೆ ಕಳಿಸುವ ಸಾಫ್ಟ್‌ವೇರ್) ಹಾಕಿಕೊಂಡು, ಪಿಎಸ್4ನ ಮೀಡಿಯಾ ಪ್ಲೇಯರ್‌ನಲ್ಲಿ ಸಿನಿಮಾ ನೋಡುತ್ತಿದ್ದೆ. ಒಂದು ವರ್ಷ ಏನೂ ತೊಂದರೆ ಇರಲಿಲ್ಲ. ಹೋದ ವಾರ ಫೈಬರ್ ಕನೆಕ್ಷನ್ ಬದಲಾಯಿಸಿದೆ. ಬಂದವರು ಹೊಸ ಡಬ್ಬವನ್ನು ಗೋಡೆಗೆ ಹೊಡೆದು, ನನ್ನ ಹಳೆ ರೂಟರನ್ನೂ ಅದಕ್ಕೇ ಸಿಕ್ಕಿಸಿ ಹೋದರು. ಅವತ್ತಿನಿಂದ ಮೀಡಿಯಾ ಪ್ಲೇಯರ್ ತೆಗೆದರೆ ಪೆನ್‌ಡ್ರೈವ್ ಕಾಣುತ್ತದೆ, ಲ್ಯಾಪ್‌ಟಾಪ್ ಮಾತ್ರ ಇಲ್ಲ. ಯೂಟ್ಯೂಬ್ ಎರಡರಲ್ಲೂ ಚೆನ್ನಾಗೇ ಓಡುತ್ತದೆ. ರೀಸ್ಟಾರ್ಟ್ ಮಾಡಿ ಅನ್ನಬೇಡಿ, ಹದಿನೈದು ಸಲ ಆಯ್ತು.

ಬೆಣ್ಣೆದೋಸೆ77:
ಹೊಸ ವೈಫೈ ಸಿಕ್ಕಿದರೆ ವಿಂಡೋಸ್ ಅದನ್ನು ಸಾಮಾನ್ಯವಾಗಿ ಪಬ್ಲಿಕ್ ಅಂತ ಇಟ್ಟುಕೊಳ್ಳುತ್ತದೆ. ಬಸ್‌ಸ್ಟ್ಯಾಂಡ್ ವೈಫೈ ಥರ, ಯಾರಿಗೂ ಮುಖ ತೋರಿಸುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಮಾಡಿ, ಫೈರ್‌ವಾಲ್‌ನಲ್ಲಿ ಜಾವಾ (ನಿಮ್ಮ ಸರ್ವರ್ ಓಡುವುದು ಅದರ ಮೇಲೆಯೇ) ಎದುರು ಟಿಕ್ ಹಾಕಿ. ಎರಡು ನಿಮಿಷದ ಕೆಲಸ, ಮುಗೀತು.

ಕೇಬಲ್_ಕಿಟ್ಟಿ:
ಪ್ಲಾನ್ ಎಷ್ಟು ಗುರು?

ಹಾಸನದ_ಹುಡುಗ:
40 ಎಂಬಿಪಿಎಸ್.

ಕೇಬಲ್_ಕಿಟ್ಟಿ:
ಅಲ್ಲೇ ಇದೆ ನೋಡು ರೋಗ. 40ರಲ್ಲಿ ಮನೆಮಂದಿಯೆಲ್ಲ ರೀಲ್ಸ್ ನೋಡಿ ಉಳಿದದ್ದು ನಿನ್ನ ಸಿನಿಮಾಗೆ. 200ರ ಪ್ಲಾನ್‌ಗೆ ಹೋಗು.

ತುಂಗಾತೀರ:
ಲ್ಯಾಪ್‌ಟಾಪ್‌ನಿಂದ ಪಿಎಸ್4ಗೆ ಹೋಗುವ ಸಿನಿಮಾ ಮನೆಯಿಂದ ಆಚೆ ಕಾಲಿಡುವುದೇ ಇಲ್ಲ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವಾಗ ರಸ್ತೆ ಪೈಪಿನಲ್ಲಿ ನೀರು ಬರುತ್ತಿದೆಯಾ ಅಂತ ಯಾರಾದರೂ ನೋಡುತ್ತಾರಾ? ಪ್ಲಾನ್ ವಿಷಯ ಬಿಡಿ. ಹುಡುಗ ಅವರೇ, ಎರಡರ ಐಪಿ ನಂಬರನ್ನೂ (ನೆಟ್‌ವರ್ಕ್‌ನಲ್ಲಿ ಅವುಗಳ ಮನೆ ನಂಬರ್) ಇಲ್ಲಿ ಹಾಕಿ.

ಕೇಬಲ್_ಕಿಟ್ಟಿ:
ತುಂಗಾತೀರ ಸಾರ್, ಸಂಪ್ ಖಾಲಿ ಇದ್ದರೆ? ನಮ್ಮ ಏರಿಯಾದಲ್ಲಿ ಎರಡು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ರಸ್ತೆ ಪೈಪ್ ನೋಡದೆ ಮೋಟಾರ್ ಹಾಕಿದರೆ ಸುಟ್ಟುಹೋಗುತ್ತದೆ.

ತುಂಗಾತೀರ:
ಸಾರ್ ಅಲ್ಲ. ಸಂಪ್ ಅಂದರೆ ಇಲ್ಲಿ ಲ್ಯಾಪ್‌ಟಾಪ್, ಸಿನಿಮಾ ಆಗಲೇ ಅದರೊಳಗೆ ಇದೆ. ಲೆಕ್ಕ ಬೇಕಾ? 8 ಜಿಬಿ ಫೈಲ್, ಎರಡು ಗಂಟೆ ಸಿನಿಮಾ. 7200 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ ಸುಮಾರು 9 ಮೆಗಾಬಿಟ್. ಫೈಬರ್ ವೈರ್ ಕಿತ್ತುಹಾಕಿದರೂ ಓಡುತ್ತದೆ.

ಕೇಬಲ್_ಕಿಟ್ಟಿ:
"ಕಿತ್ತುಹಾಕಿದರೂ" ಅಂತೆ. ದುಡ್ಡು ಕಟ್ಟುವವರು ನೀವಾ ಮೇಡಂ? ಅದೂ ಅಲ್ಲದೆ ಪಿಎಸ್4ನಲ್ಲಿ ಇರುವುದೇ 2.4 ಗಿಗಾಹರ್ಟ್ಸ್ ವೈಫೈ. ಪಕ್ಕದ ಹತ್ತು ಮನೆಯವರ ವೈಫೈಯೂ ಅದರಲ್ಲೇ ಇರುತ್ತದೆ.

ರಾಗಿಮುದ್ದೆ:
ಬರೀ 2.4 ಇದ್ದದ್ದು 2013ರ ಮೊದಲ ಪಿಎಸ್4ನಲ್ಲಿ. ಸ್ಲಿಮ್ ಬಂದದ್ದು 2016ರಲ್ಲಿ, ಅದರಲ್ಲಿ 5 ಗಿಗಾಹರ್ಟ್ಸ್ ಇದೆ. ಇಷ್ಟೆಲ್ಲ ತಲೆನೋವು ಯಾಕೆ, ಪೆನ್‌ಡ್ರೈವ್‌ಗೆ ಹಾಕಿ ಚುಚ್ಚಿ ನೋಡ್ರಪ್ಪಾ.

ಬೆಣ್ಣೆದೋಸೆ77:
ಪೆನ್‌ಡ್ರೈವ್‌ಗೆ 4 ಜಿಬಿ ಮೇಲಿನ ಫೈಲ್ ಹಿಡಿಯುವುದಿಲ್ಲ.

ರಾಗಿಮುದ್ದೆ:
ಪೆನ್‌ಡ್ರೈವ್ ಫಾರ್ಮ್ಯಾಟ್ ಫ್ಯಾಟ್32 ಆದರೆ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ, ಪಿಎಸ್4 ಓದುತ್ತದೆ. ಗೊತ್ತಿಲ್ಲದಿದ್ದರೆ ದೋಸೆ ತಿನ್ನಿ.

ಹಾಸನದ_ಹುಡುಗ:
ನಂಬರ್ ನೋಡಿದೆ. ಲ್ಯಾಪ್‌ಟಾಪ್ 192.168.1.7. ಪಿಎಸ್4 192.168.0.104. ಬೆಣ್ಣೆದೋಸೆ ಅಣ್ಣ, ಪಬ್ಲಿಕ್ ಅಂತಲೇ ಇತ್ತು. ಪ್ರೈವೇಟ್ ಮಾಡಿ ಟಿಕ್ ಹಾಕಿದೆ. ಆದರೂ ಕಾಣಲಿಲ್ಲ.

ಬೆಣ್ಣೆದೋಸೆ77:
ಪಬ್ಲಿಕ್ ಅಂತಲೇ ಇತ್ತು ತಾನೇ? ನಾನು ಮೊದಲನೇ ಉತ್ತರದಲ್ಲೇ ಹೇಳಿದ್ದೆ. ಎಲ್ಲರೂ ನೋಡಿಕೊಳ್ಳಿ.

ಕೇಬಲ್_ಕಿಟ್ಟಿ:
ಆದರೂ ಕಾಣಲಿಲ್ಲ ಅಂತಲೂ ಬರೆದಿದ್ದಾನೆ ಮಗಾ, ಅದನ್ನು ಯಾಕೆ ನುಂಗಿದೆ? ಮೇಡಂ, ನಿಮ್ಮ ಸಂಪಿನ ಕಥೆ ಇನ್ನೂ ಮುಗಿದಿಲ್ಲ. ಸಂಪಿನಿಂದ ಟ್ಯಾಂಕಿಗೆ ಹೋಗುವ ಪೈಪ್ ಸಣ್ಣದಿದ್ದರೆ?

ತುಂಗಾತೀರ:
ಪೈಪ್ ಸಣ್ಣದಿದ್ದರೆ ಸಿನಿಮಾ ನಿಂತು ನಿಂತು ಓಡುತ್ತದೆ. ಇಲ್ಲಿ ಹೆಸರೇ ಕಾಣುತ್ತಿಲ್ಲ. ನಂಬರ್ ನೋಡಿ. ಚುಕ್ಕಿಗಳ ನಡುವಿನ ಮೂರನೇ ಭಾಗ ಒಂದರಲ್ಲಿ 1, ಇನ್ನೊಂದರಲ್ಲಿ 0. ಲ್ಯಾಪ್‌ಟಾಪ್ ಹೊಸ ಡಬ್ಬದ ವೈಫೈನಲ್ಲಿ ಕೂತಿದೆ, ಪಿಎಸ್4 ಹಳೆ ರೂಟರ್ ಒಳಗೆ ಕೂತಿದೆ. ಮೀಡಿಯಾ ಪ್ಲೇಯರ್ ಸರ್ವರ್ ಹುಡುಕುವಾಗ 239.255.255.250 ಅನ್ನುವ ವಿಳಾಸಕ್ಕೆ, 1900ನೇ ಪೋರ್ಟ್‌ನಲ್ಲಿ, ಯಾರಿದ್ದೀರಿ ಅಂತ ಒಂದು ಕೂಗು ಹಾಕುತ್ತದೆ. ಆ ಕೂಗು ಹಳೆ ರೂಟರ್ ದಾಟಿ ಆಚೆ ಹೋಗುವುದಿಲ್ಲ. ಇಂಟರ್ನೆಟ್ ಎರಡಕ್ಕೂ ಸಿಗುವುದರಿಂದ ಎಲ್ಲ ಸರಿ ಇದೆ ಅನಿಸುತ್ತದೆ.

ಬೆಣ್ಣೆದೋಸೆ77:
"ದಾಟಿ ಆಚೆ ಹೋಗುವುದಿಲ್ಲ" ಅನ್ನುವುದು ಸುಳ್ಳು. ನಮ್ಮ ಮನೆಯಲ್ಲೂ ಎರಡು ರೂಟರ್ ಇದೆ. ಒಳಗಿನದರಿಂದ ಹೊರಗಿನದಕ್ಕೆ ಪಿಂಗ್ ಆರಾಮಾಗಿ ಹೋಗುತ್ತದೆ.

ತುಂಗಾತೀರ:
ಪಿಂಗ್ ಅಂದರೆ ಮನೆ ನಂಬರ್ ಗೊತ್ತಿದ್ದು ಬಾಗಿಲು ತಟ್ಟುವುದು. ಪಿಎಸ್4 ಮೀಡಿಯಾ ಪ್ಲೇಯರ್‌ನಲ್ಲಿ ನಂಬರ್ ಬರೆಯುವ ಜಾಗ ಎಲ್ಲಿದೆ, ತೋರಿಸಿ. ಅದಕ್ಕೆ ಗೊತ್ತಿರುವುದು ಬೀದಿಯಲ್ಲಿ ನಿಂತು ಕೂಗುವುದು ಮಾತ್ರ.

ಕೇಬಲ್_ಕಿಟ್ಟಿ:
ಮೊದಲು ಸಂಪ್, ಆಮೇಲೆ ಬಾಗಿಲು, ಈಗ ಬೀದಿ. ನಾಳೆ ಪಾಲಿಕೆ ಕಚೇರಿಗೂ ಕರೆದುಕೊಂಡು ಹೋಗುತ್ತೀರಾ?

ತುಂಗಾತೀರ:
ನಿಮಗೆ ಅರ್ಥವಾಗಲಿ ಅಂತ ಹೇಳಿದ್ದು. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದೇನೆ, ಸಂಪು ತೊಳೆದು ಅಲ್ಲ.

ಕೇಬಲ್_ಕಿಟ್ಟಿ:
ಸಂಪು ತೊಳೆಯುವವರು ಅಂದರೆ ಅಷ್ಟು ಕೇವಲವಾ? ನಮ್ಮಪ್ಪ ವಾಲ್ವ್‌ಮ್ಯಾನ್ ಆಗಿದ್ದವರು. ಪೈಪು, ಸಂಪು ಎರಡೂ ನಿಮಗಿಂತ ಚೆನ್ನಾಗಿ ಗೊತ್ತು ನನಗೆ.

ತುಂಗಾತೀರ:
ಆ ಅರ್ಥದಲ್ಲಿ ಬರೆಯಲಿಲ್ಲ. ಆದರೂ ಪ್ಲಾನ್‌ಗೂ ಇದಕ್ಕೂ ಸಂಬಂಧ ಇಲ್ಲ. ಹುಡುಗ ಅವರೇ, ಪಿಎಸ್4ಅನ್ನೂ ಹೊಸ ಡಬ್ಬದ ವೈಫೈಗೇ ಸೇರಿಸಿ. ಹಳೆಯದು ಬೇಕೇ ಬೇಕು ಅಂದರೆ ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಹರಡುವ ಕೆಲಸಕ್ಕೆ) ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಐಪಿ ನಂಬರ್ ಹಂಚುವ ಕೆಲಸ) ಆಫ್ ಮಾಡಿ, ಹೊಸ ಡಬ್ಬದಿಂದ ಬಂದ ವೈರನ್ನು WAN (ಹೊರಗಿನ ಇಂಟರ್ನೆಟ್) ತೂತಿನಿಂದ ತೆಗೆದು LAN (ಮನೆಯೊಳಗಿನ) ತೂತಿಗೆ ಸಿಕ್ಕಿಸಿ. ಎರಡು ರೂಟರಿಗೂ ಒಂದೇ ನಂಬರ್ ಬಾರದಂತೆ ನೋಡಿಕೊಳ್ಳಿ.

ಹಾಸನದ_ಹುಡುಗ:
ಕಾಣ್ತು!! ಪಿಎಸ್4ಅನ್ನು ಹೊಸ ವೈಫೈಗೆ ಹಾಕಿದ ತಕ್ಷಣ ಸರ್ವರ್ ಹೆಸರು ಬಂತು. ಒಂದು ಸಿನಿಮಾಗೆ ಮಾತ್ರ ಚಿತ್ರ ಬರುತ್ತದೆ, ಸೌಂಡ್ ಇಲ್ಲ. ಎಂಕೆವಿ ಫೈಲ್, ಆಡಿಯೋ ಡಿಟಿಎಸ್ ಅಂತ ಇದೆ.

ಬೆಣ್ಣೆದೋಸೆ77:
ಪ್ರೈವೇಟ್ ಮಾಡಿದ್ದಕ್ಕೇ ಕಂಡದ್ದು. ಬೇಕಾದರೆ ಮತ್ತೆ ಪಬ್ಲಿಕ್ ಮಾಡಿ ನೋಡಿ, ಮಾಯವಾಗುತ್ತದೆ.

ತುಂಗಾತೀರ:
ಮಾಯವಾಗಬಹುದು. ಆದರೆ ಪ್ರೈವೇಟ್ ಮಾಡಿಯೂ ಕಂಡಿರಲಿಲ್ಲವಲ್ಲ. ಸೌಂಡ್ ವಿಷಯ: ಪಿಎಸ್4 ಎಂಕೆವಿಯಲ್ಲಿ ಎಎಸಿ, ಎಸಿ-3 ಆಡಿಯೋ ಒಪ್ಪುತ್ತದೆ, ಡಿಟಿಎಸ್ ಅದರ ಪಟ್ಟಿಯಲ್ಲಿ ಇಲ್ಲ. ಸರ್ವರ್‌ನ ಟ್ರಾನ್ಸ್‌ಕೋಡಿಂಗ್ ಸೆಟ್ಟಿಂಗ್‌ನಲ್ಲಿ ಆಡಿಯೋವನ್ನು ಎಸಿ-3ಗೆ ಬದಲಾಯಿಸಲು ಹೇಳಿ.

ಕೇಬಲ್_ಕಿಟ್ಟಿ:
ಹೊಸ ಡಬ್ಬಕ್ಕೆ ಹಾಕಿದ ಮೇಲೆ ತಾನೇ ಸರಿಹೋದದ್ದು? ಹೊಸ ಡಬ್ಬ ಕೊಟ್ಟದ್ದು ಯಾರು? ಇಂಟರ್ನೆಟ್ ಕಂಪನಿಯವರು. ನಾನು ಹೇಳಿದ್ದೂ ಅದೇ ಕಡೆಗೆ.

ಬೆಣ್ಣೆದೋಸೆ77:
ಹುಡುಗ, ಪಬ್ಲಿಕ್ ಮಾಡಿ ನೋಡಿದ್ರಾ? ಒಂದು ಸಲ ಮಾಡಿ ಇಲ್ಲಿ ಹೇಳಿ.

ಹಾಸನದ_ಹುಡುಗ:
ಇವತ್ತು ಏನೂ ಮುಟ್ಟುವುದಿಲ್ಲ ಅಣ್ಣ. ಅಪ್ಪ ಸಿನಿಮಾ ಹಾಕಿಕೊಂಡು ಕೂತಿದ್ದಾರೆ, ಸೌಂಡ್ ಇಲ್ಲದ್ದನ್ನೇ.