ಎಡ ತಿರುವಿನಲ್ಲಿ ಆಯಿಲ್ ಲೈಟ್ ಹತ್ತಿ ಆರುತ್ತಿದೆ: ಎಸ್ಟೀಮ್ ಆಯಿಲ್ ಪ್ಯಾನ್‌ಗೆ ಬ್ಯಾಫಲ್ ಹಾಕಿಸಬೇಕಾ?

ಗೋಣಿಕೊಪ್ಪ_ಎಸ್ಟೀಮ್
ಎಲ್ಲರಿಗೂ ನಮಸ್ಕಾರ. ಗಾಡಿ 2003ರ ಮಾರುತಿ ಎಸ್ಟೀಮ್ ಕಾರು, 1298 ಸಿಸಿ, 16 ವಾಲ್ವ್ ಪೆಟ್ರೋಲ್. ಆಟೋಕ್ರಾಸ್‌ಗೆ (ಬಯಲಿನ ಮಣ್ಣಿನ ಟ್ರ್ಯಾಕಿನ ರೇಸ್) ಅಂತಲೇ ಇಟ್ಟುಕೊಂಡಿದ್ದೇನೆ. ಪುತ್ತರಿ ಕಳೆದು ಕೊಯ್ಲು ಮುಗಿದ ಮೇಲೆ ನಮ್ಮ ಗದ್ದೆಯಲ್ಲೇ ಟ್ರ್ಯಾಕ್ ಮಾಡಿ ಅಭ್ಯಾಸ ಮಾಡ್ತೀವಿ. ಈ ಸಲ ನೆಲ ಒಣಗಿ ಗಟ್ಟಿಯಾಗಿದೆ, ಟೈರೂ ಹೊಸದು, ಹಿಡಿತ ಜಾಸ್ತಿ. ಉದ್ದನೆಯ ಎಡ ತಿರುವಿನಲ್ಲಿ 5,500 ಆರ್‌ಪಿಎಂ ಹತ್ತಿರ ಆಯಿಲ್ ಲೈಟ್ ಒಂದು ಕ್ಷಣ ಹತ್ತಿ ಆರುತ್ತದೆ. ಬಲ ತಿರುವಿನಲ್ಲಿ ಹೀಗಾಗಲ್ಲ. ಗ್ಯಾರೇಜಿನಲ್ಲಿ ಪ್ರೆಶರ್ ಸ್ವಿಚ್ ಹೋಗಿದೆ ಅಂತ ಬದಲಾಯಿಸಿ ಕೊಟ್ಟರು, ಆದರೂ ಹಾಗೇ ಇದೆ. ಎಂಜಿನ್ ತಳದ ಆಯಿಲ್ ಪ್ಯಾನ್ ಒಳಗೆ ಎಣ್ಣೆ ಅತ್ತಿತ್ತ ಓಡದ ಹಾಗೆ ತಡೆಯುವ ಬ್ಯಾಫಲ್ ಹಾಕಿಸಿದರೆ ಸರಿಹೋಗುತ್ತೆ ಅಂತ ಓದಿದ್ದೇನೆ. ಮಾಡಿಸಿದವರು ಯಾರಾದರೂ ಇದ್ದೀರಾ?

ಕಾಫಿತೋಟ_ಜಿಪ್ಸಿ
ಅರ್ಧ ಲೀಟರ್ ಎಣ್ಣೆ ಜಾಸ್ತಿ ಹಾಕಿ ಓಡಿಸಿ. ನಾವು ಹಾಗೇ ಮಾಡೋದು.

ವಿರಾಜಪೇಟೆ_ಲೇತ್
ತಮ್ಮಾ, ಮೊದಲು ಗಾಡಿ ನಿಲ್ಲಿಸು. ಆ ಲೈಟ್ ಹತ್ತೋದು ಒತ್ತಡ ಅರ್ಧ ಬಾರ್‌ಗಿಂತ ಕೆಳಗೆ ಬಿದ್ದ ಮೇಲೆ. ಐಡ್ಲಿಂಗ್‌ನಲ್ಲಿ ಅಷ್ಟು ಒತ್ತಡ ಸಾಕಾಗಬಹುದು, 5,500ರಲ್ಲಿ ಅದು ಇಲ್ಲದ ಹಾಗೇ ಲೆಕ್ಕ. 6,000 ಆರ್‌ಪಿಎಂ ಅಂದರೆ ಸೆಕೆಂಡಿಗೆ 100 ಸುತ್ತು. ಒಂದು ಸೆಕೆಂಡ್ ಎಣ್ಣೆ ಸಿಗದಿದ್ದರೆ ಕನೆಕ್ಟಿಂಗ್ ರಾಡ್ ಬೇರಿಂಗ್ 100 ಸುತ್ತು ಒಣ ಉಜ್ಜಾಟ ಉಜ್ಜುತ್ತೆ. ನನ್ನ ಲೇತಿಗೆ ಗೀರು ಬಿದ್ದ ಕ್ರ್ಯಾಂಕ್ ತರುವವರು "ಲೈಟ್ ಸ್ವಲ್ಪ ಮಿನುಗ್ತಿತ್ತು ಅಷ್ಟೇ" ಅಂತಲೇ ಹೇಳೋದು. ಕೇಳಿ ಕೇಳಿ ಹೊಟ್ಟೆ ಉರಿಯುತ್ತೆ.

ಒಳಗೆ ಏನಾಗ್ತಿದೆ ಅಂದರೆ, ಎಡಕ್ಕೆ ತಿರುಗಿದಾಗ ಪ್ಯಾನ್‌ನಲ್ಲಿರುವ ಎಣ್ಣೆ ಬಲಕ್ಕೆ ಏರುತ್ತೆ. ಅಗಲ ತಟ್ಟೆಯಲ್ಲಿ ಸಾರು ಹಿಡಕೊಂಡು ಥಟ್ಟನೆ ತಿರುಗಿದ ಹಾಗೆ. ಪಕ್ಕದ ಎಳೆತ 0.6 ಜಿ (ಭೂಮಿಯ ಎಳೆತದ 0.6 ಪಾಲು) ಇದ್ದರೆ ಎಣ್ಣೆಯ ಮೇಲ್ಮೈ 31 ಡಿಗ್ರಿ ವಾಲುತ್ತೆ, 1 ಜಿ ಆದರೆ 45 ಡಿಗ್ರಿ. 20 ಸೆಂ.ಮೀ. ಅಗಲದ ಪ್ಯಾನ್‌ನಲ್ಲಿ 31 ಡಿಗ್ರಿ ಅಂದರೆ ಒಂದು ಅಂಚಿಗೂ ಇನ್ನೊಂದಕ್ಕೂ 12 ಸೆಂ.ಮೀ. ವ್ಯತ್ಯಾಸ. ಎಣ್ಣೆ ಬಿಟ್ಟುಹೋದ ಕಡೆ ಸ್ಟ್ರೇನರ್ (ಪಂಪ್ ಎಣ್ಣೆ ಹೀರುವ ಜಾಲರಿಯ ಬಾಯಿ) ಇದ್ದರೆ ಪಂಪ್ ಗಾಳಿ ಎಳೆಯುತ್ತೆ. ಜೊತೆಗೆ ಜಾಸ್ತಿ ಆರ್‌ಪಿಎಂನಲ್ಲಿ ಒಂದಷ್ಟು ಎಣ್ಣೆ ಮೇಲೆ ಹೆಡ್‌ನಲ್ಲೇ ಇರುತ್ತೆ, ಬೇಗ ಇಳಿಯಲ್ಲ. ಡಿಪ್‌ಸ್ಟಿಕ್ ತೋರಿಸಿದಷ್ಟು ಎಣ್ಣೆ ಓಡುವಾಗ ಕೆಳಗೆ ಇರಲ್ಲ.

ಆದರೂ ನನಗೊಂದು ಅನುಮಾನ. ಗದ್ದೆಯ ಮಣ್ಣಿನಲ್ಲಿ ಡಾಂಬರಿನಷ್ಟು ಹಿಡಿತ ಸಿಗಲ್ಲ. ಮಣ್ಣಿನಲ್ಲೇ ಲೈಟ್ ಹತ್ತುತ್ತಿದ್ದರೆ ಬೇರೆ ತೊಂದರೆಯೂ ಸೇರಿಕೊಂಡಿರಬಹುದು. ಎಣ್ಣೆ ಮಟ್ಟ ಎಷ್ಟಿದೆ? ಪ್ಯಾನ್‌ಗೆ ಎಲ್ಲಾದರೂ ಕಲ್ಲು ಬಡಿದಿದೆಯಾ? ಸ್ವಿಚ್ ಇರುವ ಜಾಗಕ್ಕೆ ಟೀ (T ಆಕಾರದ ಜೋಡಣೆ) ಹಾಕಿ ಒಂದು ಪ್ರೆಶರ್ ಗೇಜ್ ಕೂರಿಸು. ಜಪಾನಿ ಮೂಲದ ಎಂಜಿನ್‌ಗಳಲ್ಲಿ ಅಲ್ಲಿನ ಥ್ರೆಡ್ ಸಾಮಾನ್ಯವಾಗಿ 1/8 ಬಿಎಸ್‌ಪಿಟಿ, ಇಂಚಿಗೆ 28 ಎಳೆ. ಗೇಜ್ ಜೊತೆ ಎನ್‌ಪಿಟಿ (ಅಮೆರಿಕದ ಅಳತೆಯ ಥ್ರೆಡ್) ಅಡಾಪ್ಟರ್ ಬಂದರೆ ಅದರಲ್ಲಿ 27. ಮೊದಲ ಎರಡು ಸುತ್ತು ಚೆನ್ನಾಗಿಯೇ ಹೋಗುತ್ತೆ. ಬಲವಂತ ಮಾಡಿದರೆ ಬ್ಲಾಕಿನ ಥ್ರೆಡ್ ಹೋಯಿತು.

ಜಿಪ್ಸಿ ಅಣ್ಣ ಹೇಳಿದ್ದು ತಪ್ಪಲ್ಲ, ಆದರೆ ಕಣ್ಣು ಮುಚ್ಚಿ ಮಾಡಬಾರದು. ಜಾಸ್ತಿಯಾದರೆ ಕ್ರ್ಯಾಂಕ್ ಎಣ್ಣೆಗೆ ಬಡಿದು ನೊರೆ ಎಬ್ಬಿಸುತ್ತೆ, ನೊರೆ ಎಳೆದರೂ ಗಾಳಿ ಎಳೆದ ಹಾಗೇ.

ಗೋಣಿಕೊಪ್ಪ_ಎಸ್ಟೀಮ್
ಅಣ್ಣ, ನೀವು ಕೇಳಿದ್ದು ಒಳ್ಳೆಯದಾಯಿತು. ಎಣ್ಣೆ ಕೆಳಗಿನ ಗೆರೆಗಿಂತ ಸ್ವಲ್ಪವೇ ಮೇಲಿತ್ತು. ಮೇಲಿನ ಗೆರೆಗೆ ತುಂಬಿಸಿ, ಗೇಜ್ ಹಾಕಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನೋಡಿದೆ. ನೇರದಲ್ಲಿ 4,000ಕ್ಕೆ 3.4 ಬಾರ್. 5,500ಕ್ಕೆ ಏರಬೇಕಾದ್ದು 2.7ಕ್ಕೆ ಇಳಿಯುತ್ತೆ! ಎಡ ತಿರುವಿನಲ್ಲಿ 1ಕ್ಕಿಂತ ಕೆಳಗೆ. ಲೈಟ್ ಮಾತ್ರ ಈಗ ಹತ್ತುತ್ತಿಲ್ಲ. ಪ್ಯಾನ್ ಕೆಳಗೆ ಅಂಗೈಯಗಲ ತಗ್ಗಿದೆ. ತೋಟದ ದಾರಿಯಲ್ಲಿ ಕಳೆದ ಮಳೆಗಾಲ ಕಲ್ಲು ಬಡಿದದ್ದು, ಸೋರಿಕೆ ಇಲ್ಲ ಅಂತ ಬಿಟ್ಟಿದ್ದೆ.

ವಿರಾಜಪೇಟೆ_ಲೇತ್
ಒಂದು ಕಾರಣ ಸಿಕ್ಕಿತು. ನೇರದಲ್ಲೇ ಆರ್‌ಪಿಎಂ ಏರಿದಾಗ ಒತ್ತಡ ಇಳಿದರೆ ಅದಕ್ಕೆ ತಿರುವು ಕಾರಣ ಅಲ್ಲ, ಪಂಪಿಗೆ ಬೇಕಾದಷ್ಟು ಎಣ್ಣೆ ಸ್ಟ್ರೇನರ್‌ನಿಂದ ಬರ್ತಿಲ್ಲ. ಪ್ಯಾನ್ ತಳ ಒಳಗೆ ಒತ್ತಿಕೊಂಡು ಸ್ಟ್ರೇನರ್ ಬಾಯಿಗೆ ಅಡ್ಡ ಬಂದಿದೆ. ಅಥವಾ ಪಿಕಪ್ ಪೈಪು ಪಂಪಿಗೆ ಸೇರುವಲ್ಲಿನ ಓ-ರಿಂಗ್ ಗಟ್ಟಿಯಾಗಿ ಅಲ್ಲಿಂದ ಗಾಳಿ ನುಗ್ಗುತ್ತಿದೆ. ಎರಡೂ ಇರಬಹುದು. ಇದನ್ನು ಬಿಟ್ಟು ಬ್ಯಾಫಲ್ ಮಾತ್ರ ಹಾಕಿದ್ದರೆ ದುಡ್ಡೂ ಹೋಗ್ತಿತ್ತು, ಎಂಜಿನ್ನೂ ಹೋಗ್ತಿತ್ತು.

ಪ್ಯಾನ್ ಇಳಿಸು. ಎಕ್ಸಾಸ್ಟ್‌ನ ಮುಂದಿನ ಪೈಪ್ ಬಿಚ್ಚಬೇಕಾಗುತ್ತೆ. ಟಿಂಕರಿಂಗ್ ಮಾಡುವವರ ಹತ್ತಿರ ತಗ್ಗನ್ನು ಒಳಗಿನಿಂದ ತಟ್ಟಿಸು. ಆಮೇಲೆ ಮಕ್ಕಳು ಆಡುವ ಜೇಡಿಯ ಉಂಡೆಯನ್ನು ಸ್ಟ್ರೇನರ್ ಬಾಯಿಗೆ ಮೆತ್ತಿ, ಪ್ಯಾನ್ ಕೂರಿಸಿ ತೆಗೆದು, ಚಪ್ಪಟೆಯಾದ ಉಂಡೆಯ ದಪ್ಪ ಅಳೆ. 6ರಿಂದ 10 ಮಿ.ಮೀ. ಒಳಗೆ ಇರಲಿ. ಕಡಿಮೆಯಾದರೆ ಉಸಿರುಕಟ್ಟುತ್ತೆ, ಜಾಸ್ತಿಯಾದರೆ ಎಣ್ಣೆ ಸ್ವಲ್ಪ ವಾಲಿದರೂ ಬಾಯಿ ತೆರೆದುಕೊಳ್ಳುತ್ತೆ.

ಪ್ಯಾನ್ ಹೇಗೂ ಕೈಯಲ್ಲಿದೆ, ಬ್ಯಾಫಲ್ ಈಗಲೇ ಮಾಡಿಸು. ಸ್ಟ್ರೇನರ್ ಸುತ್ತ ನಾಲ್ಕು ಗೋಡೆಯ ಪೆಟ್ಟಿಗೆ, 1.6 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಶೀಟ್ ಸಾಕು. ಪ್ರತಿ ಗೋಡೆಯಲ್ಲೂ ಕೀಲು ಇರುವ ಸಣ್ಣ ಬಾಗಿಲು, ಸ್ಟ್ರೇನರ್ ಕಡೆಗೆ ಮಾತ್ರ ತೆರೆಯಬೇಕು. ಎಣ್ಣೆ ಒಳಗೆ ಬರಲಿ, ಹೊರಗೆ ಹೋಗದಿರಲಿ. ಬಾಗಿಲಿಗೆ ರಬ್ಬರ್ ಬೇಡ, ಬಿಸಿ ಎಣ್ಣೆಯಲ್ಲಿ ಸೊಟ್ಟಗಾಗುತ್ತೆ. ಮೇಲೆ ಒಂದು ಮುಚ್ಚಳದ ತಟ್ಟೆ, ಪಿಕಪ್ ಪೈಪಿಗೆ ತೂತು, ಮೇಲಿಂದ ಇಳಿಯುವ ಎಣ್ಣೆಗೂ ದಾರಿ. ನಿನ್ನದು ಅಡ್ಡ ಕೂತಿರುವ ಎಂಜಿನ್. ತಿರುವಿನಲ್ಲಿ ಎಣ್ಣೆ ಕ್ರ್ಯಾಂಕ್ ಉದ್ದಕ್ಕೆ ಓಡುತ್ತೆ, ಬ್ರೇಕ್ ಹಿಡಿದಾಗ ಮುಂದಕ್ಕೆ. ಎರಡಕ್ಕೂ ತಡೆ ಬೇಕು. ಡ್ರೈನ್ ಪ್ಲಗ್ ಕಡೆ ಒಂದು ಸಣ್ಣ ತೂತು ಬಿಡು, ಇಲ್ಲದಿದ್ದರೆ ಹಳೆ ಎಣ್ಣೆ ಪೆಟ್ಟಿಗೆಯಲ್ಲೇ ಉಳಿಯುತ್ತೆ. ಕನೆಕ್ಟಿಂಗ್ ರಾಡ್ ತಟ್ಟೆಗೆ ತಾಗುತ್ತಾ ಅಂತ ಕ್ರ್ಯಾಂಕನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡದೆ ಸ್ಟಾರ್ಟ್ ಮಾಡಬೇಡ.

ವೆಲ್ಡಿಂಗ್ ಒಂದೇ ಸಲ ಎಳೆದರೆ ಪ್ಯಾನ್ ಸೊಟ್ಟಗಾಗುತ್ತೆ. ಚುಕ್ಕಿ ಚುಕ್ಕಿ ಹಾಕಿ, ಆರಲು ಬಿಡಲಿ. ಆಮೇಲೆ ಅಂಚನ್ನು ಗಾಜಿನ ಮೇಲಿಟ್ಟು ನೋಡು. ಸೀಲೆಂಟ್ ತೆಳ್ಳಗೆ ಹಚ್ಚು. ಒಳಗೆ ಪಿಸುಕಿದ್ದು ಕಿತ್ತು ಬಂದು ಸ್ಟ್ರೇನರ್‌ಗೆ ಅಂಟಿಕೊಂಡ ಎಂಜಿನ್ ನಾನು ನೋಡಿದ್ದೇನೆ.

ಮಡಿಕೇರಿ_ಸ್ವಿಫ್ಟ್
ನಡುವೆ ಬಂದೆ, ಕ್ಷಮಿಸಿ. ನಾನು ವಾರಕ್ಕೆರಡು ಸಲ ಸಂಪಾಜೆ ಘಾಟಿ ಇಳಿದು ಹತ್ತುತ್ತೇನೆ. ನನ್ನ ಗಾಡಿಗೂ ಇದು ಬೇಕಾ?

ವಿರಾಜಪೇಟೆ_ಲೇತ್
ಬೇಡ. ಸಂಸಾರಸ್ಥರು ಓಡಿಸುವ ವೇಗದಲ್ಲಿ 0.3 ಜಿ ಬರೋದೇ ಅಪರೂಪ, ಅಂದರೆ 17 ಡಿಗ್ರಿ. ಕಂಪನಿಯ ಪ್ಯಾನ್‌ಗೆ ಅದು ಲೆಕ್ಕಕ್ಕಿಲ್ಲ. ಎಣ್ಣೆ ಮಟ್ಟ ನೋಡಿಕೊಳ್ಳಿ. ಘಾಟಿಯಲ್ಲಿ ಲೈಟ್ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ, ಮಡಿಕೇರಿವರೆಗೆ ಓಡಿಸಿಕೊಂಡು ಬರಬೇಡಿ.

ಕಾಫಿತೋಟ_ಜಿಪ್ಸಿ
ಅಕ್ಯುಸಂಪ್ ಹಾಕಿದರೆ ಹೇಗೆ? ಒತ್ತಡದಲ್ಲಿ ಎಣ್ಣೆ ತುಂಬಿಟ್ಟುಕೊಂಡು, ಒತ್ತಡ ಬಿದ್ದ ಕೂಡಲೇ ಒಳಗೆ ಬಿಡುತ್ತಲ್ಲ.

ವಿರಾಜಪೇಟೆ_ಲೇತ್
ಒಳ್ಳೆಯದೇ, ಆದರೆ ಅದು ಕೆಲವು ಸೆಕೆಂಡ್ ಕಾಯುತ್ತೆ ಅಷ್ಟೇ. ಸ್ಲಿಕ್ ಟೈರ್ ಹಾಕಿ ಡಾಂಬರ್ ಟ್ರ್ಯಾಕಿಗೆ ಹೋಗುವವರು ಯೋಚಿಸಲಿ. ಗದ್ದೆಗೆ ಒಳ್ಳೆ ಬ್ಯಾಫಲ್ ಸಾಕು.

ಗೋಣಿಕೊಪ್ಪ_ಎಸ್ಟೀಮ್
ಮೂರು ವಾರ ಹಿಡಿಯಿತು, ಕೆಲಸ ಮುಗೀತು. ತಗ್ಗಿನ ಜಾಗದಲ್ಲಿ ಸ್ಟ್ರೇನರ್‌ಗೂ ತಳಕ್ಕೂ ಬರೀ 2 ಮಿ.ಮೀ. ಇತ್ತು. ತಟ್ಟಿಸಿದ ಮೇಲೆ 8. ಓ-ರಿಂಗ್ ಉಗುರಲ್ಲಿ ಒತ್ತಿದರೆ ಮುರಿಯುತ್ತಿತ್ತು, ಹೊಸದು ಹಾಕಿದೆ. ಹಳೆ ಫಿಲ್ಟರ್ ಕತ್ತರಿಸಿ ಕಾಗದ ಬಿಡಿಸಿ ಬಿಸಿಲಲ್ಲಿ ನೋಡಿದೆ, ಬೇರಿಂಗ್ ಸವೆದರೆ ಬರುವ ತಾಮ್ರದ ಹೊಳಪು ಕಾಣಲಿಲ್ಲ. ಆ ದಿನ ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಬ್ಯಾಫಲ್ ಆದ ಮೇಲೆ ಪ್ಯಾನ್ ಒಂದನ್ನೇ ಬೆಂಚಿನ ಮೇಲಿಟ್ಟು 2 ಲೀಟರ್ ಹಳೆ ಎಣ್ಣೆ ಸುರಿದು, ಫೋನಿನ ಕೋನಮಾಪಕ ಇಟ್ಟು 31 ಡಿಗ್ರಿಗೆ ವಾಲಿಸಿ ಹಿಡಿದೆವು. ಅತ್ತಿಗೆ ಗಡಿಯಾರ ನೋಡುತ್ತಿದ್ದರು. ಹತ್ತು ಸೆಕೆಂಡ್ ಆದರೂ ಪೆಟ್ಟಿಗೆಯೊಳಗೆ ಎಣ್ಣೆ ನಿಂತಿತ್ತು. ಹಿಂದಿನ ಬಾಗಿಲು ಒಂದು ವೆಲ್ಡಿಂಗ್ ಕಣ ಸಿಕ್ಕಿ ಪೂರ್ತಿ ಮುಚ್ಚುತ್ತಿರಲಿಲ್ಲ, ಅದು ಗೊತ್ತಾದದ್ದೂ ಈ ಪರೀಕ್ಷೆಯಲ್ಲೇ. ಉಜ್ಜಿ ಸರಿಮಾಡಿದೆ.

ನಿನ್ನೆ ಗದ್ದೆಗೆ ಇಳಿಸಿದೆ. ನೇರದಲ್ಲಿ 5,500ಕ್ಕೆ 4.1 ಬಾರ್. ಅದೇ ಎಡ ತಿರುವಿನಲ್ಲಿ 3.6ಕ್ಕಿಂತ ಕೆಳಗೆ ಬರಲಿಲ್ಲ, ಹನ್ನೆರಡು ಸುತ್ತು ಹೊಡೆದೆ. ಪಕ್ಕದಲ್ಲಿ ತಮ್ಮ ಕೂತು ಗೇಜ್ ವಿಡಿಯೋ ಮಾಡಿದ. ಕೆಳಗೆ 4 ಮಿ.ಮೀ. ಅಲ್ಯೂಮಿನಿಯಂ ಗಾರ್ಡ್ ಕೂಡ ಹಾಕಿಸಿದ್ದೇನೆ.

ಕಾಫಿತೋಟ_ಜಿಪ್ಸಿ
ಭಾವನ ಹತ್ತಿರವೂ ಎಸ್ಟೀಮ್ ಇದೆ. ಶೀಟ್ ಕತ್ತರಿಸಲು ಅಳತೆ ಸಿಗುತ್ತಾ?

ಗೋಣಿಕೊಪ್ಪ_ಎಸ್ಟೀಮ್
ರಟ್ಟಿನ ಅಚ್ಚು ಜೋಪಾನವಾಗಿ ಇಟ್ಟಿದ್ದೇನೆ ಅಣ್ಣ, ಈ ಕಡೆ ಬಂದಾಗ ತಗೊಂಡು ಹೋಗಿ. ನನ್ನದು ತಟ್ಟಿ ಸರಿಮಾಡಿದ ಪ್ಯಾನ್, ತಳ ಒಂದೆರಡು ಮಿ.ಮೀ. ಆಚೀಚೆ ಇರಬಹುದು. ನಿಮ್ಮ ಪ್ಯಾನ್‌ನಲ್ಲಿಟ್ಟು ನೋಡಿದ ಮೇಲೆಯೇ ಶೀಟ್ ಕತ್ತರಿಸಿ.