ಬಾಲ್ ಮಿಲ್ ಜಾರಲ್ಲಿ ಕಲ್ಲುಪುಡಿ ತಳ ಹಿಡೀತಿದೆ, 2 ಗಂಟೆ ಓಡಿಸಿದ್ರೂ ತರಿ ಹೋಗ್ತಿಲ್ಲ

ಪಾಯದಕಲ್ಲು:
ಎಲ್ರಿಗೂ ನಮಸ್ಕಾರ. ಎಂಎಸ್ಸಿ ಜಿಯಾಲಜಿ ಕೊನೇ ಸೆಮಿಸ್ಟರಲ್ಲಿದೀನಿ. ಪ್ರಾಜೆಕ್ಟ್‌ಗೆ ಕೆಂಗೇರಿ ಕಡೆ ಒಂದು ಮನೆಗೆ ಪಾಯ ತೋಡ್ತಿದ್ದಾಗ ಸಿಕ್ಕ ಗ್ನೈಸ್ ತಂದಿದೀನಿ, ಲಾಲ್‌ಬಾಗ್ ಬಂಡೆ ಇದ್ಯಲ್ಲ ಅದೇ ಜಾತಿ, ಬಿಳಿ ಕಪ್ಪು ಪಟ್ಟೆ ಪಟ್ಟೆ. ಎಕ್ಸ್‌ಆರ್‌ಎಫ್‌ಗೆ (ಎಕ್ಸ್-ರೇ ಬಿಟ್ಟು ಕಲ್ಲಲ್ಲಿ ಯಾವ ಧಾತು ಎಷ್ಟಿದೆ ಅಂತ ಅಳೆಯೋದು) ಪುಡೀನ ಪೆಲೆಟ್ ಅಂದ್ರೆ ಬಿಲ್ಲೆ ಒತ್ತಬೇಕು, 75 ಮೈಕ್ರಾನ್ ಜರಡಿ ದಾಟಬೇಕು ಅಂದಿದಾರೆ ಗೈಡ್. ಪ್ಲಾನೆಟರಿ ಬಾಲ್ ಮಿಲ್ಲಲ್ಲಿ (ಜಾರೊಳಗೆ ಗುಂಡು ಹಾಕಿ ಗಿರಗಿರ ತಿರುಗಿಸಿ ಅರೆಯೋ ಮಶೀನ್) 400 ಆರ್‌ಪಿಎಂಗೆ 2 ಗಂಟೆ ಬಿಡದೆ ಓಡಿಸಿದೆ, ತೆಗೆದು ನೋಡಿದ್ರೆ ಪುಡಿ ಜಾರಿನ ತಳಕ್ಕೆ ಅಂಟ್ಕೊಂಡು ಗಟ್ಟಿ ಹೆಂಟೆ ಆಗ್ಬಿಟ್ಟಿದೆ, ಚಮಚದಲ್ಲಿ ಕೆರೆದ್ರೂ ಬರಲ್ಲ, ಬಂದಿದ್ರಲ್ಲೂ ಬೆರಳಿಗೆ ತರಿ ತರಿ ಸಿಗುತ್ತೆ. ಇನ್ನೊಂದು ತಲೆನೋವು, ಒಂದೇ ಕಲ್ಲಿನ ಎರಡು ಪೆಲೆಟ್‌ಗೆ ಐರನ್ ಬೇರೆ ಬೇರೆ ಬರ್ತಿದೆ, ಒಂದ್ರಲ್ಲಿ 2.4%, ಇನ್ನೊಂದ್ರಲ್ಲಿ 3.1%. ಮುಂದಿನ ವಾರ ಮತ್ತೆ ಮಶೀನ್ ಸ್ಲಾಟ್ ಇದೆ, ದಯವಿಟ್ಟು ಯಾರಾದ್ರೂ ಹೇಳಿ.

ಹಳೇಜರಡಿ:
ಗಾಬರಿ ಆಗ್ಬೇಡಪ್ಪ, ಇದು ಸರಿಹೋಗುತ್ತೆ. ಮೊದ್ಲು ಇಷ್ಟು ಹೇಳು. ಜಾರ್ ಎಷ್ಟು ಎಂಎಲ್, ಯಾವ ಲೋಹದ್ದು? ಬಾಲ್ ಎಷ್ಟು ದಪ್ಪ, ಎಷ್ಟು ಹಾಕಿದ್ದೆ? ಚೂರುಗಳು ಯಾವ ಸೈಜಿದ್ವು? ಕಲ್ಲು ತೊಳೆದಿದ್ಯಾ, ತೊಳೆದ್ಮೇಲೆ ಎಷ್ಟೊತ್ತು ಒಣಗಿಸಿದೆ? ಆಮೇಲೆ ಮುಖ್ಯವಾಗಿ, ಜರಡಿ ಮೇಲೆ ಉಳೀತಲ್ಲ ಅದನ್ನ ಏನ್ ಮಾಡಿದೆ, ಅದು ಯಾವ ಬಣ್ಣ ಇತ್ತು?

ಪಾಯದಕಲ್ಲು:
ಸರ್, 250 ಎಂಎಲ್ ಸ್ಟೇನ್‌ಲೆಸ್ ಸ್ಟೀಲ್ ಜಾರ್. 10 ಎಂಎಂ ಬಾಲ್ 20 ಇತ್ತು, ಅಷ್ಟೇ ಹಾಕಿದೆ. ಬಟ್ಟೆ ಚೀಲದಲ್ಲಿ ಸುತ್ತಿ ಸುತ್ತಿಗೇಲಿ ಕುಟ್ಟಿದ ಚೂರು, ಜಲ್ಲಿಗಿಂತ ಸಣ್ಣದು, 8 ಎಂಎಂ ತನಕ ಇರ್ಬಹುದು, ಅರ್ಧ ಜಾರ್ ತುಂಬಿಸಿದ್ದೆ. ತೊಳೆದು ಒಂದು ಮಧ್ಯಾಹ್ನ ಫ್ಯಾನ್ ಕೆಳಗಿಟ್ಟಿದ್ದೆ, ಆವತ್ತು ಮಳೆ ಬೇರೆ. ಜರಡಿ ಮೇಲೆ ಉಳಿದಿದ್ದು ಕಪ್ಪಗೆ ಮಿರಮಿರ ಅಂತಿತ್ತು, ಇಷ್ಟೇ ಇಷ್ಟು ಅಲ್ವಾ ಅಂತ ಒಂದು ಬ್ಯಾಚಲ್ಲಿ ಎಸೆದೆ. ಇನ್ನೊಂದು ಬ್ಯಾಚಲ್ಲಿ ಟೈಮ್ ಇತ್ತು ಅಂತ ವಾಪಸ್ ಹಾಕಿ ಮತ್ತೆ ಒಂದು ಗಂಟೆ ಓಡಿಸಿದೆ.

ಹಳೇಜರಡಿ:
ಸಿಕ್ತು ನೋಡು. ನೀನು ಎಸೆದಿದ್ದು ಕಾಗೆಬಂಗಾರ, ಕಪ್ಪು ಅಭ್ರಕ, ಬಯೋಟೈಟ್. ಆ ಕಲ್ಲಲ್ಲಿರೋ ಐರನ್ನು ಮೆಗ್ನೀಸಿಯಮ್ಮು ಹೆಚ್ಚು ಭಾಗ ಅದ್ರಲ್ಲೇ ಕೂತಿರುತ್ತೆ, ಪೊಟ್ಯಾಸಿಯಮ್ಮೂ ಇರುತ್ತೆ. ಬೆಣಚು, ಫೆಲ್ಡ್‌ಸ್ಪಾರ್ ಗುಂಡಿನ ಏಟಿಗೆ ಚೂರು ಚೂರಾಗುತ್ತೆ, ಅಭ್ರಕ ಹಾಗಲ್ಲ, ಅದು ಪದರ ಪದರವಾಗಿ ಬಿಡುತ್ತೇ ಹೊರತು ಪುಡಿ ಆಗಲ್ಲ, ಏಟು ಬಿದ್ರೆ ಬಾಗಿ ಸುಮ್ನಿರುತ್ತೆ. ಒಂದು ಹಾಳೆ ತಗೊಂಡು ಬೆರಳ ಮಧ್ಯ ಮಡಿಸಿ ಬಿಡು, ಮತ್ತೆ ನೆಟ್ಟಗಾಗುತ್ತೆ, ಅಂಥದ್ದನ್ನ ಮಿಲ್ ಹೇಗೆ ಒಡೀಬೇಕು ಹೇಳು. ಹಾಗಾಗಿ ಜರಡಿ ಮೇಲೆ ಕೊನೇಗೆ ಉಳಿಯೋದು ಯಾವಾಗ್ಲೂ ಅದೇ. ಅದನ್ನ ಬಿಟ್ಟು ಉಳಿದಿದ್ದು ಅಳೆದ್ರೆ ನೀನು ಅಳೀತಿರೋದು ಬೇರೆ ಯಾವುದೋ ಕಲ್ಲು. ಒಂದು ಚಿಟಿಕೆ ಉಳಿದ್ರೂ ಅದನ್ನೇ ವಾಪಸ್ ಹಾಕಿ ಅರಿ, ಪೂರ್ತಿ ಇಳಿಯೋ ತನಕ ಬಿಡ್ಬೇಡ. ನಾನು ಲ್ಯಾಬಲ್ಲಿದ್ದಷ್ಟು ದಿನ ಹೊಸಬ್ರಿಗೆಲ್ಲ ಮೊದ್ಲು ಹೇಳ್ತಿದ್ದಿದ್ದೇ ಇದು.

ಇನ್ನು ತಳ ಹಿಡಿಯೋ ವಿಷಯ. 250 ಎಂಎಲ್ ಜಾರಿಗೆ 10 ಎಂಎಂ ಬಾಲ್ ಆದ್ರೆ ಸುಮಾರು 100 ಬೇಕು, 20 ಏನಕ್ಕೂ ಸಾಲಲ್ಲ. ಅಷ್ಟಿದ್ರೂ 8 ಎಂಎಂ ಚೂರನ್ನ 10 ಎಂಎಂ ಬಾಲ್ ಒಡೆಯಲ್ಲ, ಗುಂಡು ಚೂರಿಗಿಂತ ಮೂರು ಪಟ್ಟಾದ್ರೂ ದಪ್ಪ ಇರ್ಬೇಕು. 20 ಎಂಎಂದು 15 ಬಾಲ್ ಸಿಗುತ್ತಾ ನೋಡು, ಚೂರನ್ನ ಇನ್ನೂ ಸಣ್ಣಗೆ ಕುಟ್ಕೋ, 4–5 ಎಂಎಂಗೆ ಇಳಿಸು, ಜಾ ಕ್ರಷರ್ (ದವಡೆ ಥರ ಅಗಿದು ಕಲ್ಲು ಒಡೆಯೋ ಮಶೀನ್) ಇದ್ರೆ ಅದ್ರಲ್ಲೇ ಹಾಕ್ಬಿಡು. ಜಾರಲ್ಲಿ ಮೂರರಲ್ಲಿ ಒಂದು ಪಾಲು ಬಾಲ್, ಒಂದು ಪಾಲು ಕಲ್ಲು, ಇನ್ನೊಂದು ಪಾಲು ಖಾಲಿ. ಆ ಖಾಲಿ ಜಾಗ ಇದ್ರೇನೇ ಗುಂಡು ಎದ್ದು ಬಂದು ಬೀಳೋದು, ನೀನು ಅರ್ಧ ಜಾರ್ ಕಲ್ಲೇ ತುಂಬಿಸಿದ್ದೆ, ಅಷ್ಟು ಕಲ್ಲಿಗೆ ಆ ಗುಂಡು ಸಾಲಲ್ಲ. ಹಸಿ ಕಲ್ಲು ಹಾಕಿದ್ದೂ ತಪ್ಪು, ಓವನ್ನಲ್ಲಿ 105 ಡಿಗ್ರೀಲಿ ರಾತ್ರಿಯೆಲ್ಲ ಇಡು. ಆಮೇಲೆ 2 ಗಂಟೆ ಒಂದೇ ಸಮ ಬೇಡವೇ ಬೇಡ, ಜಾರ್ ಕಾಯುತ್ತೆ, ನುಣ್ಣಗಾದ ಪುಡಿ ಒಂದಕ್ಕೊಂದು ಅಂಟ್ಕೊಂಡು ಗೋಡೆಗೆ ಮೆತ್ಕೊಳುತ್ತೆ, ಆ ಮೆತ್ತೆ ಮೇಲೆ ಗುಂಡು ಬಿದ್ರೆ ಹಾಸಿಗೆ ಮೇಲೆ ಬಿದ್ದಂಗೆ, ಒಳಗಿರೋ ತರಿಗೆ ಏಟೇ ತಾಗಲ್ಲ. 5 ನಿಮಿಷ ಓಡ್ಸು, 5 ನಿಮಿಷ ನಿಲ್ಸು, ಎರಡು ಮೂರು ಸಲ ಆದ್ಮೇಲೆ ತಣ್ಣಗಾಗೋಕೆ ಬಿಟ್ಟು ತೆಗೆದು ಜರಡಿ ಹಿಡಿ, ನುಣ್ಣಗಾದದ್ದು ಪಕ್ಕಕ್ಕಿಡು, ತರಿ ಮಾತ್ರ ವಾಪಸ್. ಕೊನೇಲಿ ಎಲ್ಲಾ ಒಟ್ಟಿಗೆ ಸೇರಿಸಿ ಚೆನ್ನಾಗಿ ಬೆರೆಸು, ಮೊದ್ಲು ಇಳಿದಿದ್ರಲ್ಲಿ ಬಿಳಿ ಭಾಗ ಜಾಸ್ತಿ, ಕೊನೇಗೆ ಇಳಿದಿದ್ರಲ್ಲಿ ಕಪ್ಪು ಜಾಸ್ತಿ ಇರುತ್ತೆ.

ಮಣ್ಣುಬಣ್ಣ:
ನಾನು ಸೆರಾಮಿಕ್ ಸ್ಟುಡಿಯೋ ನಡೆಸ್ತೀನಿ, ಗ್ಲೇಜ್‌ಗೆ ಫೆಲ್ಡ್‌ಸ್ಪಾರ್ ನಾವೇ ಅರೀತೀವಿ. ಸರ್ ಹೇಳಿದ್ದೆಲ್ಲ ಸರಿ, ನನ್ನದೊಂದು ಸೇರಿಸ್ತೀನಿ. ನಮ್ಮ ಅಜ್ಜಿ ರಾಗಿ ಬೀಸೋದಕ್ಕೆ ಬೇರೆ ಕಲ್ಲು, ಅಕ್ಕಿ ರುಬ್ಬೋದಕ್ಕೆ ಬೇರೆ ಕಲ್ಲು ಇಟ್ಕೊಂಡಿದ್ರು. ಬೀಸೋದ್ರಲ್ಲಿ ಒಂದು ಹಂತ ದಾಟಿ ನುಣ್ಣಗೆ ಹೋಗೋದು ಕಷ್ಟ, ಅಲ್ಲಿಂದಾಚೆ ರುಬ್ಬಲೇಬೇಕು. ಕಾಗೆಬಂಗಾರ ಉಳೀತಿದೆ ಅಂದ್ರೆ ಕೊನೇ ಸುತ್ತು ಐಸೋಪ್ರೊಪನಾಲ್ (ಒಂದು ಥರ ಆಲ್ಕೋಹಾಲ್) ಹಾಕಿ ರುಬ್ಬಿ, ನೀರುದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಹದ ಇರ್ಲಿ, ಉಜ್ಜಾಟಕ್ಕೆ ಪದರ ಬಿಟ್ಕೊಳುತ್ತೆ, ಧೂಳೂ ಏಳಲ್ಲ. ಆದ್ರೆ ಹುಷಾರು, ಬಿಸಿ ಜಾರಲ್ಲಿ ಆವಿ ಕಟ್ಕೊಂಡಿರುತ್ತೆ, ಬೆಂಕಿ ಹಿಡಿಯೋ ಆವಿ ಅದು, ಪೂರ್ತಿ ತಣ್ಣಗಾಗೋ ತನಕ ಮುಚ್ಚಳ ಬಿಚ್ಚಲೇಬೇಡಿ, ಬಿಚ್ಚೋದೂ ಫ್ಯೂಮ್ ಹುಡ್ (ಆವಿ ಹೊರಗೆಳೆಯೋ ಲ್ಯಾಬ್ ಗೂಡು) ಒಳಗೆ. ಒಣ ಪುಡಿ ಮುಟ್ಟೋವಾಗ ಎನ್95 ಹಾಕ್ಕೊಳ್ಳಿ, ಬೆಂಚ್ ಮೇಲಿನ ಧೂಳನ್ನ ಬಾಯಲ್ಲಿ ಊದ್ಬೇಡಿ, ಒದ್ದೆ ಬಟ್ಟೇಲಿ ಒರೆಸಿ. ಬೆಣಚಿನ ಧೂಳು ಶ್ವಾಸಕೋಶಕ್ಕೆ ಹೋದ್ರೆ ಸಿಲಿಕೋಸಿಸ್, ಅದು ವಾಪಸ್ ಸರಿಹೋಗೋ ಕಾಯಿಲೆ ಅಲ್ಲ.

ಪೀಕ್26:
ಒಂದು ಮಾತು. ಜಾಸ್ತಿ ಐರನ್ ಬಂದ ಬ್ಯಾಚು ಒಂದು ಗಂಟೆ ಹೆಚ್ಚು ಓಡಿದ್ದು ತಾನೆ? ಸ್ಟೀಲ್ ಜಾರೂ ಸವೆಯುತ್ತೆ, ಬೆಣಚಿನ ಗಡಸುತನ ಮೋಸ್ ಅಳತೇಲಿ 7, ಸ್ಟೀಲನ್ನ ಕೆರೆದು ಐರನ್ನೂ ಕ್ರೋಮಿಯಮ್ಮೂ ಪುಡಿಗೆ ಸೇರಿಸುತ್ತೆ. ಹಾಗಾಗಿ 2.4 ಕಮ್ಮಿ ಇರೋ ಹಾಗೆ 3.1 ಜಾಸ್ತೀನೂ ಇರ್ಬಹುದು, ಎರಡನ್ನೂ ನಂಬ್ಬೇಡಿ. ಕ್ರೋಮಿಯಂ ರೀಡಿಂಗ್ ನೋಡಿ, ಎರಡನೇ ಬ್ಯಾಚಲ್ಲಿ ಅದೂ ಏರಿದ್ರೆ ಜಾರಿಂದಾನೇ ಬಂದಿದ್ದು. ಅಗೇಟ್ (ಬೆಣಚಿನ ಜಾತಿಯದೇ ಗಟ್ಟಿ ಕಲ್ಲು) ಜಾರ್ ಇದ್ರೆ ಕೇಳಿ, ಅದ್ರಿಂದ ಸೇರೋದು ಸಿಲಿಕಾ, ನಿಮ್ಮ ಕಲ್ಲಲ್ಲೇ ಅದು 70% ಹತ್ರ ಇರುತ್ತೆ, ಲೆಕ್ಕಕ್ಕೆ ಬರಲ್ಲ. ಟಂಗ್‌ಸ್ಟನ್ ಕಾರ್ಬೈಡ್ ಜಾರಲ್ಲಿ ಟಂಗ್‌ಸ್ಟನ್ನು ಕೋಬಾಲ್ಟು ಸೇರುತ್ತೆ. ಅಗೇಟನ್ನ ನಿಧಾನ ಸ್ಪೀಡಲ್ಲಿ ಓಡ್ಸಿ, ಕಲ್ಲಿಲ್ಲದೆ ಬರೀ ಬಾಲ್ ಹಾಕಿ ತಿರುಗಿಸ್ಬೇಡಿ, ಬಿಸಿ ಇದ್ದಾಗ ತಣ್ಣೀರು ಹಾಕ್ಬೇಡಿ, ಸೀಳುತ್ತೆ.
ಅದೇ ಪುಡಿ ಎಕ್ಸ್‌ಆರ್‌ಡಿಗೂ (ಎಕ್ಸ್-ರೇಲಿ ಖನಿಜ ಯಾವುದು ಅಂತ ಗುರುತಿಸೋ ಪರೀಕ್ಷೆ) ಹೋಗೋದಾದ್ರೆ ಒಣ ಮಿಲ್ಲಲ್ಲಿ ಗಂಟೆಗಟ್ಲೆ ಬಿಡ್ಬೇಡಿ, ಸ್ಫಟಿಕ ರಚನೇನೇ ಕೆಟ್ಟು 26.6 ಡಿಗ್ರೀಲಿರೋ ಬೆಣಚಿನ ಪೀಕ್ ಅಗಲ ಆಗ್ಬಿಡುತ್ತೆ.

ಪಾಯದಕಲ್ಲು:
ಕ್ರೋಮಿಯಂ ಈಗ ತೆಗೆದು ನೋಡಿದೆ, ಎರಡನೇದ್ರಲ್ಲಿ ಮೊದಲನೇದ್ರ ಮೂರು ಪಟ್ಟಿದೆ! ಇನ್ನೊಂದು ಕೇಳ್ಬೇಕಿತ್ತು, ಒಂದು ಬ್ಯಾಚಿಗೆ ಕಲ್ಲಿನ ಯಾವ ಭಾಗ ತಗೋಬೇಕು? ನಾನು ಚೀಲದ ಮೇಲಿಂದ ಒಂದು ಬೊಗಸೆ ತಗೊಂಡಿದ್ದೆ.

ಹಳೇಜರಡಿ:
ಪಟ್ಟೆ ಇರೋ ಕಲ್ಲಿಗೆ ಹಾಗೆ ತಗೊಂಡ್ರೆ ಒಂದು ಬೊಗಸೇಲಿ ಬಿಳಿ ಪಟ್ಟೆ, ಇನ್ನೊಂದ್ರಲ್ಲಿ ಕಪ್ಪು ಪಟ್ಟೆ ಬರುತ್ತೆ. ಎಲ್ಲಾ ಚೂರನ್ನೂ ಒಂದು ಪ್ಲಾಸ್ಟಿಕ್ ಹಾಳೆ ಮೇಲೆ ರಾಶಿ ಹಾಕಿ, ತುದಿ ಚಪ್ಪಟೆ ಮಾಡಿ ನಾಲ್ಕು ಭಾಗ ಮಾಡು, ಎದುರುಬದುರು ಎರಡು ಭಾಗ ಇಟ್ಕೋ, ಉಳಿದೆರಡು ಚೀಲಕ್ಕೆ. ಮತ್ತೆ ರಾಶಿ, ಮತ್ತೆ ನಾಲ್ಕು. ಜಾರಿಗೆ ಬೇಕಾದಷ್ಟಕ್ಕೆ ಇಳಿಯೋ ತನಕ ಹೀಗೇ ಮಾಡು. ಜಾರಿಗೆ ನಿಜವಾದ ಬ್ಯಾಚ್ ಹಾಕೋ ಮುಂಚೆ ಅದೇ ಕಲ್ಲಿನ ಒಂದು ಸಣ್ಣ ಭಾಗ ಹಾಕಿ ಎರಡು ನಿಮಿಷ ಓಡಿಸಿ ಅದನ್ನ ಎಸಿ, ಹಿಂದೆ ಯಾರೋ ಅರೆದಿದ್ದು ಅದ್ರ ಜೊತೆ ಹೋಗುತ್ತೆ. ಅದನ್ನ ಎಸೀಬಹುದು.

ಪಾಯದಕಲ್ಲು:
ಅಪ್‌ಡೇಟ್: ಪಕ್ಕದ ಡಿಪಾರ್ಟ್‌ಮೆಂಟಲ್ಲಿ ಅಗೇಟ್ ಜಾರ್ ಕೊಟ್ರು. ಕಲ್ಲು ರಾತ್ರಿ ಓವನ್ನಲ್ಲಿಟ್ಟು, ಕುಟ್ಟಿ, ನಾಲ್ಕು ಭಾಗ ಮಾಡಿ, ಬಿಟ್ಟು ಬಿಟ್ಟು ಓಡಿಸಿದೆ, ಈ ಸಲ ತಳ ಹಿಡೀಲಿಲ್ಲ, ಜಾರ್ ಬಗ್ಗಿಸಿದ್ರೆ ಮೈದಾ ಥರ ಜಾರಿ ಬಂತು. ನಾಲ್ಕನೇ ಸುತ್ತಾದ್ಮೇಲೂ ಜರಡಿ ಮೇಲೆ ಒಂದು ಚಮಚ ಕಪ್ಪು ಹೊಳಪು ಉಳಿದಿತ್ತು, ಅಕ್ಕ ಹೇಳಿದಂಗೆ ಐಸೋಪ್ರೊಪನಾಲ್ ಹಾಕಿ ರುಬ್ಬಿದೆ, ಸಂಜೆ ಹುಡ್ಡಲ್ಲಿ ಒಣಗಿಸಿ ಜರಡಿ ಹಿಡಿದ್ರೆ ಪೂರ್ತಿ ಇಳೀತು. ಮೂರು ಪೆಲೆಟ್ ಒತ್ತಿಸಿ ಅಳೆಸಿದೆ, ಐರನ್ 2.7, 2.7, 2.8. ಹಳೇ ಎರಡು ರೀಡಿಂಗೂ ಕಾಟು ಹಾಕಿದೀನಿ. ಸರ್, ಉಳಿದ ನಾಲ್ಕು ಕಲ್ಲೂ ಇದೇ ಥರ ಮಾಡ್ತೀನಿ, ತುಂಬಾ ಥ್ಯಾಂಕ್ಸ್.

ಹಳೇಜರಡಿ:
ಸಂತೋಷ ಆಯ್ತಪ್ಪ. ಜರಡಿ ತೊಳೆಯೋವಾಗ ಬ್ರಷ್ ಒತ್ತಿ ಉಜ್ಜಬೇಡ, 75 ಮೈಕ್ರಾನ್ ಬಲೆ ಬೇಗ ಹರಿಯುತ್ತೆ, ಬೆಳಕಿಗೆ ಹಿಡಿದು ನೋಡ್ಕೊಂಡೇ ಮುಂದಿನ ಕಲ್ಲು ಶುರು ಮಾಡು.