ಮನೆ ಪತ್ರದಲ್ಲಿ ಸಿಕ್ಕ ಒಂದು ಸಾಲು: ಮಿನಿಯಾಪೊಲಿಸ್‌ನಿಂದ ಪ್ರಶ್ನೆ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಮಿನಿಯಾಪೊಲಿಸ್‌ನ ದಕ್ಷಿಣ ಭಾಗದಲ್ಲಿ 1920ರ ದಶಕದ ಒಂದು ಮನೆ ಕೊಂಡಿದ್ದೇವೆ. ಕಾಗದಗಳ ಕಟ್ಟಿನಲ್ಲಿ ಹಳೆಯ ಕ್ರಯಪತ್ರದ ಪ್ರತಿ ಸಿಕ್ಕಿತು. ಈ ಜಾಗವನ್ನು ಚೀನೀ, ಜಪಾನಿ, ಟರ್ಕಿ, ನೀಗ್ರೋ, ಮಂಗೋಲಿಯನ್, ಆಫ್ರಿಕನ್ ರಕ್ತದ ಯಾರಿಗೂ ಮಾರಬಾರದು, ಅಡವಿಡಬಾರದು, ಬಾಡಿಗೆಗೂ ಕೊಡಬಾರದು ಅಂತ ಅದರಲ್ಲಿದೆ. ಓದಿ ಕೈ ನಡುಗಿತು. ಇದು ಈಗಲೂ ನಡೆಯುತ್ತಾ? ತೆಗೆಸಬಹುದಾ?

ಇನ್ನೊಂದು ವಿಷಯ. ನಮ್ಮ ಬೀದಿ ಮೂಲೆಯಲ್ಲಿ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಬರುತ್ತದಂತೆ. ಅದು ಬೇಡ ಅಂತ ಪಕ್ಕದ ಮನೆಯವರು ಸಹಿ ಕೇಳಿಕೊಂಡು ಬಂದಿದ್ದರು. ಒಳ್ಳೆಯ ಜನ, ನಾವು ಬಂದ ದಿನವೇ ಕೇಕ್ ತಂದುಕೊಟ್ಟವರು. ಸಹಿ ಹಾಕಲೇ?

ಉತ್ತರ (ನಗರ ಯೋಜಕ): ಮೊದಲು ಧೈರ್ಯದ ಮಾತು. ಆ ಸಾಲಿಗೆ ಈಗ ಜೀವ ಇಲ್ಲ. ಇಂಥ ಷರತ್ತನ್ನು ಯಾವ ಕೋರ್ಟೂ ಜಾರಿ ಮಾಡುವಂತಿಲ್ಲ ಎಂದು 1948ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಸೇಂಟ್ ಲೂಯಿಸ್‌ನ ಶೆಲ್ಲಿ ಎಂಬ ಕಪ್ಪು ಕುಟುಂಬದ ಕೇಸು ಅದು. 1953ರಲ್ಲಿ ನಿಮ್ಮ ಮಿನೆಸೋಟ ರಾಜ್ಯ ಇಂಥ ಷರತ್ತನ್ನು ಹೊಸದಾಗಿ ಬರೆಯುವುದನ್ನು ನಿಲ್ಲಿಸಿತು. 1968ರ ಫೇರ್ ಹೌಸಿಂಗ್ ಕಾಯ್ದೆ ಇಡೀ ದೇಶದಲ್ಲಿ ಇಂಥ ತಾರತಮ್ಯವನ್ನೇ ಕಾನೂನುಬಾಹಿರ ಮಾಡಿತು. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಒಂದು ವಾರಕ್ಕೆ ಅದಕ್ಕೆ ಸಹಿ ಬಿತ್ತು.

ತೆಗೆಸುವ ಬಗ್ಗೆ: 2019ರಿಂದ ಇಲ್ಲಿ ಒಂದು ಕಾನೂನಿದೆ. ಈ ಷರತ್ತನ್ನು ನಾನು ತಿರಸ್ಕರಿಸಿದ್ದೇನೆ ಎಂಬ ಪತ್ರವನ್ನು ಮನೆ ಮಾಲೀಕರು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ ನೋಂದಾಯಿಸಬಹುದು. ಜಸ್ಟ್ ಡೀಡ್ಸ್ ಎಂಬ ಯೋಜನೆಯ ವಕೀಲರು ದುಡ್ಡು ತೆಗೆದುಕೊಳ್ಳದೆ ಮಾಡಿಕೊಡುತ್ತಾರೆ. ಹಳೆಯ ಪುಟವನ್ನು ಹರಿಯುವುದಿಲ್ಲ, ಅದರ ಪಕ್ಕದಲ್ಲಿ ನಿಮ್ಮ ಪತ್ರ ಸೇರುತ್ತದೆ. ಅದೇ ಸರಿ ಅಂತ ನನಗನಿಸುತ್ತದೆ. ಮುಂದೆ ಬರುವವರು ಎರಡನ್ನೂ ಓದಲಿ.

ಇನ್ನು ಸಹಿ. ಅದಕ್ಕೆ ಉತ್ತರ ಹೇಳುವ ಮೊದಲು ನಿಮ್ಮ ಊರಿನ ಒಂದು ಘಟನೆ ಹೇಳಲೇಬೇಕು. 1931ರಲ್ಲಿ ಆರ್ಥರ್ ಮತ್ತು ಈಡಿತ್ ಲೀ ಎಂಬ ಕಪ್ಪು ದಂಪತಿ ಕೊಲಂಬಸ್ ಅವೆನ್ಯೂದಲ್ಲಿ ಒಂದು ಪುಟ್ಟ ಮನೆ ಕೊಂಡರು. ಆರ್ಥರ್ ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವರು, ಅಂಚೆ ಇಲಾಖೆ ನೌಕರರು. ಅಲ್ಲಿನ ಮನೆಯವರೋ, ಬಿಳಿಯರಿಗೆ ಮಾತ್ರ ಮಾರುತ್ತೇವೆ ಅಂತ ನಾಲ್ಕು ವರ್ಷ ಮೊದಲೇ ಒಪ್ಪಂದಕ್ಕೆ ಸಹಿ ಹಾಕಿಕೊಂಡಿದ್ದರು. ಸಾವಿರಾರು ಜನ ಮನೆ ಮುತ್ತಿದರು, ಕಲ್ಲು ತೂರಿದರು. ಲೀನಾ ಆಲಿವ್ ಸ್ಮಿತ್ ಎಂಬ ಕಪ್ಪು ಮಹಿಳಾ ವಕೀಲರು ಅವರ ಪರ ನಿಂತರು. ಲೀ ಕುಟುಂಬ ಪಟ್ಟು ಬಿಡದೆ ಸುಮಾರು ಎರಡು ವರ್ಷ ಅಲ್ಲೇ ಇದ್ದು, ಆಮೇಲೆ ಹೋಯಿತು. ಆ ಮನೆ ಈಗಲೂ ನಿಂತಿದೆ. ಒಮ್ಮೆ ಹೋಗಿ ನೋಡಿ.

ನಿಮ್ಮ ಪಕ್ಕದ ಮನೆಯವರು ಅಂಥವರು ಅಂತ ನಾನು ಖಂಡಿತ ಹೇಳುತ್ತಿಲ್ಲ. ಆದರೆ ಅವರು ಕಾಪಾಡಬೇಕು ಅನ್ನುತ್ತಿರುವ ಬಡಾವಣೆ ಈ ರೂಪಕ್ಕೆ ಬಂದದ್ದು ಹೇಗೆ ಎಂಬುದು ಮುಖ್ಯ. ಬಣ್ಣ ನೋಡಿ ಬೀದಿ ಹಂಚುವ ನಗರದ ಕಾನೂನನ್ನು ಸುಪ್ರೀಂ ಕೋರ್ಟ್ 1917ರಲ್ಲಿ ಹೊಡೆದುಹಾಕಿತ್ತು. ಕ್ರಯಪತ್ರದ ಷರತ್ತಿಗೆ ಮಾತ್ರ ಇನ್ನೂ ಮೂವತ್ತು ವರ್ಷ ಅಡ್ಡಿಯಿರಲಿಲ್ಲ. ಜೊತೆಗೆ 1926ರಲ್ಲಿ ಕೋರ್ಟ್ ಜೋನಿಂಗನ್ನು, ಅಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂದು ನಗರವೇ ನಿಗದಿಮಾಡುವ ನಿಯಮವನ್ನು, ಒಪ್ಪಿತು. ಒಂದು ನಿವೇಶನಕ್ಕೆ ಒಂದೇ ಮನೆ ಅಂದುಬಿಟ್ಟರೆ ಸಾಕು, ದುಡ್ಡು ಕಡಿಮೆ ಇರುವವರು ತಾವಾಗಿಯೇ ಹೊರಗೆ ಉಳಿಯುತ್ತಾರೆ. ಜಾತಿ, ಬಣ್ಣದ ಹೆಸರೇ ಎತ್ತಬೇಕಿಲ್ಲ. ಮಿನಿಯಾಪೊಲಿಸ್‌ನ ವಸತಿ ಜಾಗದಲ್ಲಿ ಸುಮಾರು 70 ಶೇಕಡಾ ಹಾಗೆಯೇ ಇತ್ತು, ತೀರಾ ಇತ್ತೀಚಿನವರೆಗೆ.

ಅದನ್ನು ಬದಲಿಸಿದ್ದು 2018ರ ಡಿಸೆಂಬರ್‌ನಲ್ಲಿ. ನಗರದ ಕೌನ್ಸಿಲ್ 12–1 ಮತಗಳಿಂದ 'ಮಿನಿಯಾಪೊಲಿಸ್ 2040' ಯೋಜನೆ ಒಪ್ಪಿತು. ಒಂದು ಮನೆ ಇದ್ದ ಕಡೆ ಮೂರು ಮನೆ ಕಟ್ಟಬಹುದು ಎಂದಾಯಿತು. ಸುಲಭಕ್ಕೆ ಆಗಲಿಲ್ಲ. 'ನಮ್ಮ ಬಡಾವಣೆ ಮೇಲೆ ಬುಲ್ಡೋಜರ್ ಬೇಡ' ಎಂಬ ಫಲಕಗಳು ಮನೆ ಮುಂದೆ ಎದ್ದವು. ಪರಿಸರ ಕಾನೂನಿನಡಿ ಕೇಸು ಬಿತ್ತು. 2023ರಲ್ಲಿ ಕೋರ್ಟ್ ತಡೆ ಕೊಟ್ಟಿತು. ಕೊನೆಗೆ 2024ರಲ್ಲಿ ರಾಜ್ಯದ ಶಾಸನಸಭೆ ಕಾನೂನು ತಂದು ಬಿಡಿಸಬೇಕಾಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಸಹಿ ಹಾಕುತ್ತಿರಲಿಲ್ಲ.

ಪ್ರತಿಕ್ರಿಯೆ: ಆ ಪಟ್ಟಿಯಲ್ಲಿ ಭಾರತೀಯರ ಹೆಸರು ಇಲ್ವಲ್ಲ ಸರ್. ನಮಗೆ ತೊಂದರೆ ಇರಲಿಲ್ಲವೇ?

ಉತ್ತರ: ಇತ್ತು. ಪಶ್ಚಿಮ ಕರಾವಳಿಯ ಕೆಲವು ಪತ್ರಗಳಲ್ಲಿ 'ಹಿಂದೂ' ಎಂದೇ ಇದೆ. ಆಗ ಆ ಪದಕ್ಕೆ ಭಾರತದಿಂದ ಬಂದ ಯಾರಾದರೂ ಎಂದರ್ಥ, ಸಿಖ್ಖರೂ ಸೇರಿ. ಎಷ್ಟೋ ಪತ್ರಗಳಲ್ಲಿ 'ಬಿಳಿಯರಿಗೆ ಮಾತ್ರ' ಎಂದಷ್ಟೇ ಇರುತ್ತಿತ್ತು. ಭಗತ್ ಸಿಂಗ್ ಥಿಂಡ್ ಅವರ ಪೌರತ್ವದ ಕೇಸಿನಲ್ಲಿ, 1923ರಲ್ಲಿ, ಭಾರತೀಯರು ಬಿಳಿಯರಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿತ್ತು. ಅನೇಕ ಪತ್ರಗಳಲ್ಲಿ ಒಂದು ವಿನಾಯಿತಿ ಇರುತ್ತದೆ: ಮನೆಗೆಲಸದವರಾಗಿ ಇರಬಹುದು. ಅದನ್ನು ಓದಿದಾಗಲೆಲ್ಲ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ಇವತ್ತು ನಾವು ಇಷ್ಟಪಟ್ಟ ಕಡೆ ಮನೆ ಕೊಳ್ಳುತ್ತೇವೆ. 1968ರ ಆ ಕಾಯ್ದೆ ಬಣ್ಣದ ಜೊತೆ ಧರ್ಮ, ಹುಟ್ಟಿದ ದೇಶ ನೋಡಿ ತಡೆಯುವುದನ್ನೂ ನಿಷೇಧಿಸಿದೆ. ಅದಕ್ಕಾಗಿ ಬೀದಿಗಿಳಿದು ಏಟು ತಿಂದವರು ಹೆಚ್ಚಾಗಿ ಕಪ್ಪು ಜನ. ಈ ನಗರಪ್ರದೇಶದಲ್ಲಿ ಬಿಳಿಯರ ನಾಲ್ಕರಲ್ಲಿ ಸುಮಾರು ಮೂರು ಕುಟುಂಬಕ್ಕೆ ಸ್ವಂತ ಮನೆ ಇದೆ. ಕಪ್ಪು ಜನರಲ್ಲಿ ನಾಲ್ಕಕ್ಕೆ ಒಂದರ ಆಸುಪಾಸು.

ಪ್ರತಿಕ್ರಿಯೆ: ಪಾರ್ಕಿಂಗ್ ಕಥೆ ಏನು? ಇರುವ ದುಡ್ಡೆಲ್ಲ ಮನೆಗೇ ಹಾಕಿದ್ದೇವೆ. ಹೊಸ ಯೋಜನೆಯಿಂದ ಯಾರಿಗಾದರೂ ನಿಜವಾಗಿ ಉಪಯೋಗ ಆಗಿದೆಯಾ?

ಉತ್ತರ: ನಿಮ್ಮ ಆತಂಕ ಸಹಜ. ಪಾರ್ಕಿಂಗ್ ಸ್ವಲ್ಪ ಬಿಗಿಯಾಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಕಟ್ಟಡಕ್ಕೆ ಇಷ್ಟು ಪಾರ್ಕಿಂಗ್ ಇರಲೇಬೇಕು ಎಂಬ ನಿಯಮವನ್ನು ನಗರ 2021ರಲ್ಲಿ ತೆಗೆದಿದೆ. ಉಪಯೋಗ ಆಗಿದೆ, ಆದರೆ ಎಲ್ಲರೂ ಅಂದುಕೊಂಡ ದಾರಿಯಲ್ಲಿ ಅಲ್ಲ. ಮೂರು ಮನೆಯ ಕಟ್ಟಡಗಳು ಬೆರಳೆಣಿಕೆಯಷ್ಟೇ ಬಂದವು. ಹೆಚ್ಚಿನ ಮನೆಗಳು ಬಂದದ್ದು ಬಸ್ ಮಾರ್ಗದ ಪಕ್ಕದ ದೊಡ್ಡ ಅಪಾರ್ಟ್‌ಮೆಂಟ್‌ಗಳಿಂದ, ಅಂದರೆ ಪ್ರಶ್ನೆ ಕೇಳಿದವರ ಬೀದಿ ಮೂಲೆಯಂಥ ಜಾಗಗಳಲ್ಲಿ. 2017ರಿಂದ 2022ರವರೆಗೆ ನಗರದಲ್ಲಿ ಮನೆಗಳ ಸಂಖ್ಯೆ 12 ಶೇಕಡಾ ಹೆಚ್ಚಿತು, ಬಾಡಿಗೆ ಏರಿದ್ದು 1 ಶೇಕಡಾ ಮಾತ್ರ. ರಾಜ್ಯದ ಉಳಿದ ಕಡೆ ಬಾಡಿಗೆ 14 ಶೇಕಡಾ ಏರಿತು. ಬಾಡಿಗೆಯಲ್ಲಿರುವ ಒಬ್ಬ ನರ್ಸ್‌ಗೆ, ಬಸ್ ಡ್ರೈವರ್‌ಗೆ ಇದು ದೊಡ್ಡ ವಿಷಯ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಸಹಿ ಹಾಕಲಾರೆ ಅಂತ ಅವರಿಗೆ ನಾನೇ ಹೋಗಿ ಹೇಳುತ್ತೇನೆ. ಬೇರೆ ಏನಾದರೂ ಮಾಡಬಹುದಾ? ನಾವಿನ್ನೂ ಗ್ರೀನ್ ಕಾರ್ಡ್‌ನವರು, ಮತ ಇಲ್ಲ.

ಉತ್ತರ: ಮತ ಇಲ್ಲದಿದ್ದರೂ ಬಾಯಿ ಇದೆ ಅಲ್ವಾ. ಆ ಕಟ್ಟಡ ನಿಯಮದೊಳಗೇ ಇದ್ದರೆ ಈ ಸಹಿಗಳಿಂದ ಹೆಚ್ಚೇನೂ ಆಗುವುದಿಲ್ಲ. ಕಟ್ಟುವವರು ನಿಯಮದಿಂದ ವಿನಾಯಿತಿ ಕೇಳಿದ್ದರೆ ಯೋಜನಾ ಆಯೋಗ ಸಾರ್ವಜನಿಕ ವಿಚಾರಣೆ ಇಡುತ್ತದೆ. ಅಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಸಭೆಗಳ ನಡಾವಳಿ ತೆಗೆದು ನೋಡಿದ ಸಂಶೋಧಕರಿಗೆ ಕಂಡದ್ದು ಇದು: ಬಂದು ಮಾತಾಡುವವರು ಹೆಚ್ಚಾಗಿ ವಯಸ್ಸಾದ ಮನೆ ಮಾಲೀಕರು, ಬಹುಪಾಲು ವಿರೋಧಿಸುವವರು. ಆ ಕಟ್ಟಡದಲ್ಲಿ ಮುಂದೆ ಇರಬೇಕಾದವರು ಸಭೆಯಲ್ಲಿ ಇರುವುದೇ ಇಲ್ಲ. ಹಾಗಾಗಿ ನಿಮ್ಮ ಎರಡು ನಿಮಿಷಕ್ಕೆ ತೂಕ ಜಾಸ್ತಿ. ನಿಮ್ಮ ವಾರ್ಡಿನ ಕೌನ್ಸಿಲ್ ಸದಸ್ಯರಿಗೆ ಒಂದು ಇಮೇಲ್ ಕೂಡ ಹಾಕಿ, ನಾಲ್ಕು ಸಾಲು ಸಾಕು. ನಿವೇಶನದ ಬಳಿ ನೋಟಿಸ್ ಹಚ್ಚಿದ್ದರೆ ಅದರ ಫೋಟೋ ಇಲ್ಲಿ ಹಾಕಿ, ಯಾವ ವಿನಾಯಿತಿ ಕೇಳಿದ್ದಾರೆ ಅಂತ ಓದಿ ಹೇಳುತ್ತೇನೆ.